ಇಪ್ಪತ್ತೆರಡು ನಿಮಿಷದ ಬ್ಲೂಸ್

ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದ ಮೊಟ್ಟಮೊದಲ ಬ್ಲೂಸ್ ರಾಕ್ ತಂಡದ ಸ್ಥಾಪಕ. ಬಹುಶಃ ಕೊನೆಯ ತಂಡದ ಸ್ಥಾಪಕನೂ ಅವನೇ! ಆ ತಂಡ ವೇದಿಕೆಯ ಮೇಲೆ ಬದುಕಿದ್ದು ಇಪ್ಪತ್ತೆರಡು ನಿಮಿಷ. ಅಷ್ಟಕ್ಕೆಲ್ಲ ಒಂದು ಇತಿಹಾಸ ಬೇಕೇ ಎಂದು ನೀವು ಕೇಳಬಹುದು. ಆ ಇಪ್ಪತ್ತೆರಡು ನಿಮಿಷ ಮೊದಲ ಸಾಲಿನಲ್ಲಿ ಉಗುರು ಕಚ್ಚುತ್ತ ಕೂತಿದ್ದವಳು ನಾನು. ಆದ್ದರಿಂದ ಸುಮ್ಮನೆ ಕೇಳಿ.

ಎಪ್ಪತ್ತರ ದಶಕದ ಶುರುವಿನ ಮಾತು. ರೇಷ್ಮೆ ನೂಲು ತರಲು ಬೆಂಗಳೂರಿಗೆ ಹೋದ ಚಿಕ್ಕಪ್ಪ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಯಾವುದೋ ಅಂಗಡಿಯಲ್ಲಿ ಒಂದು ಬ್ಲೂಸ್ ರೆಕಾರ್ಡು ಕೇಳಿದನಂತೆ. ನೂಲಿನ ಜೊತೆಗೆ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಹೊತ್ತು ತಂದ. "ಇದು ದುಃಖದ ಸಂಗೀತ ಕಣಮ್ಮ" ಎಂದು ವಿವರಿಸಿದ. ಅಜ್ಜಿಗೆ ಕೋಪ ನೆತ್ತಿಗೇರಿತು.

"ನಿಂಗೇನೋ ಬಂದಿರೋದು ದುಃಖ? ಎರಡು ಹೊತ್ತು ಮುದ್ದೆ, ಅದರ ಮೇಲೆ ತುಪ್ಪ! ಈ ಮನೇಲಿ ಅಳೋದಾದ್ರೆ ನಾನು ಅಳ್ಬೇಕು. ಕೊಡಿಲ್ಲಿ, ನಾನೇ ಬಾರಿಸ್ತೀನಿ!"

ತಂಡಕ್ಕೆ ಮೂರೇ ಜನ. ಗಿಟಾರಿಗೆ ಚಿಕ್ಕಪ್ಪ, ಡ್ರಮ್ಮಿಗೆ ನಮ್ಮ ಮಗ್ಗದ ಕೆಲಸಗಾರ, ಹಾಡಲು ಪಕ್ಕದ ಮನೆಯ ಟೈಲರ್. ಟೈಲರನ ಹತ್ತಿರ ಬೆಲ್‌ಬಾಟಂ ಪ್ಯಾಂಟು ಇತ್ತು. ಬೇರೆ ಅರ್ಹತೆ ಯಾರೂ ಕೇಳಲಿಲ್ಲ. ಅಭ್ಯಾಸ ನಮ್ಮ ಶೆಡ್ಡಿನಲ್ಲೇ. ನಾಲ್ಕು ಪವರ್‌ಲೂಮುಗಳು ಖಟ್ ಖಟಾ ಖಟ್ ಎಂದು ಕಿವಿ ಹರಿಯುವಂತೆ ಬಡಿಯುತ್ತಿದ್ದರೆ, ಮೂಲೆಯಲ್ಲಿ ಇವರ ಬ್ಲೂಸ್. ಓಣಿಯವರು ಒಂದು ದಿನವೂ ದೂರು ಹೇಳಲಿಲ್ಲ. ಯಾರಿಗಾದರೂ ಕೇಳಿಸಿದರೆ ತಾನೇ! ಮಗ್ಗದ ಮನೆಗಳಲ್ಲಿ ಮಾತೆಂದರೆ ಕೈಸನ್ನೆ, ತುಟಿ ನೋಡಿ ತಿಳಿಯುವುದು, ಇಲ್ಲವೇ ಅರಚುವುದು. ಹೀಗೆ ಏಳು ತಿಂಗಳು ನಡೆಯಿತು.

ತಾತನಿಗೆ ಇದು ಸರಿಬರಲಿಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಮಂಡಿ ಸವೆಸಿಕೊಂಡವರು. ಈಗ ಮಗ ಕೈಬಿಟ್ಟ ಪಾಳಿಯನ್ನೂ ತಾವೇ ಮಾಡುತ್ತಿದ್ದರು. ಒಂದು ದಿನ ಊಟದ ಮುಂದೆ ತೀರ್ಪು ಕೊಟ್ಟರು.

"ಗಣೇಶನ ಪೆಂಡಾಲಲ್ಲಿ ಬಾರಿಸು. ನಾನು ಮುಂದ್ಗಡೇನೇ ಕೂತ್ಕೋತೀನಿ. ಮುಗಿಯೋಕ್ಮುಂಚೆ ನಾನು ಎದ್ದೆ ಅಂದ್ರೆ ಗಿಟಾರು ಅಟ್ಟಕ್ಕೆ, ನೀನು ಮಗ್ಗಕ್ಕೆ."

"ಏಳ್ಲಿಲ್ಲಾಂದ್ರೆ?"

"ಬೆಂಗಳೂರಿಗೆ ಹೋಗು. ಏನಾದ್ರೂ ಬಾರಿಸ್ಕೋ."

ಚಿಕ್ಕಪ್ಪನಿಗೆ ನಿದ್ದೆ ಹಾರಿಹೋಯಿತು. ಹಬ್ಬದ ದಿನ ಅಜ್ಜಿಯ ಕಾಲು ಹಿಡಿದ. "ಅಮ್ಮಾ, ಮಧ್ಯಾಹ್ನದಿಂದ ಅಪ್ಪಂಗೆ ಕಾಫಿ, ನೀರು, ಏನೂ ಕೊಡ್ಬೇಡ!" ಮನುಷ್ಯ ಎದ್ದುಹೋಗಲು ಸಂಗೀತವೊಂದೇ ಕಾರಣವಲ್ಲವಲ್ಲ!

ಸಂಜೆ ಪೆಂಡಾಲು ತುಂಬಿತು. ತಾತ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಹಬ್ಬವಾದ್ದರಿಂದ ಊರಿನ ಮಗ್ಗಗಳಿಗೆಲ್ಲ ರಜೆ, ಎಲ್ಲೆಡೆ ನಿಶ್ಶಬ್ದ. ಎಡವಟ್ಟು ಅಲ್ಲೇ ಆಯಿತು ನೋಡಿ! ಏಳು ತಿಂಗಳು ಅಭ್ಯಾಸ ಮಾಡಿದ ಆ ಮೂವರು ತಮ್ಮ ಸಂಗೀತವನ್ನು ಒಮ್ಮೆಯೂ ಕೇಳಿರಲಿಲ್ಲ. ಡ್ರಮ್ಮಿನವನು ಅಷ್ಟು ದಿನವೂ ಮಗ್ಗದ ತಾಳಕ್ಕೆ ಬಾರಿಸುತ್ತಿದ್ದ. ಮಗ್ಗವಿಲ್ಲದೆ ಅವನ ಕೈ ನಿಧಾನವಾಗುತ್ತ ಹೋಗಿ, ಕೊನೆಗೆ ನಿಂತೇಹೋಯಿತು. ಟೈಲರ್ ಬಾಯಿ ತೆರೆದ. ತನ್ನ ದನಿ ತನಗೇ ಕೇಳಿಸಿ ಬೆಚ್ಚಿಬಿದ್ದ. ಮೈಕಿನಲ್ಲೇ ಕೇಳಿದ: "ಲೇ, ಇದು ನಾನೇನ್ರೋ?"

ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟು ಏಳತೊಡಗಿದರು. ಹಿಂದಿನ ಸಾಲು ಖಾಲಿಯಾಯಿತು, ನಡುವಿನ ಸಾಲೂ ಖಾಲಿಯಾಯಿತು. ಚಿಕ್ಕಪ್ಪ ಮಾತ್ರ ಬೆವರು ಸುರಿಸುತ್ತ ಒಬ್ಬನೇ ಬಾರಿಸುತ್ತಿದ್ದ. ನನ್ನ ಕಣ್ಣು ತಾತನ ಮೇಲೆ. ಅವರು ಒಮ್ಮೆ ಪಂಚೆ ಸರಿಮಾಡಿಕೊಂಡರು. ಎದ್ದೇಬಿಟ್ಟರು ಎಂದುಕೊಂಡೆ. ವೇದಿಕೆಯ ಮೇಲೆ ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಆದರೆ ತಾತ ಏಳಲಿಲ್ಲ. ಕೊನೆಗೆ ಪೆಂಡಾಲಿನಲ್ಲಿ ಉಳಿದವರು ತಾತ, ನಾನು ಮತ್ತು ಗಣೇಶ!

ಕೊನೆಯವರೆಗೂ ಬಾರಿಸಿ ಮುಗಿಸಿ ಚಿಕ್ಕಪ್ಪ ಇಳಿದು ಬಂದು ತಾತನ ಮುಂದೆ ನಿಂತ. "ಅಷ್ಟು ಕೆಟ್ಟದಾಗಿದ್ರೂ ಯಾಕಪ್ಪಾ ಏಳ್ಲಿಲ್ಲ?"

ತಾತ ಅವನ ತುಟಿಯನ್ನೇ ನೋಡುತ್ತಿದ್ದರು. "ಕೆಟ್ಟದಾಗಿತ್ತೇನೋ? ನಂಗೆ ಕಿವಿ ಹೋಗಿ ಎರಡು ವರ್ಷ ಆಯ್ತು. ನಿನ್ ಬೆರಳು ನೋಡ್ತಾ ಕೂತಿದ್ದೆ. ಎಲ್ರೂ ಎದ್ದುಹೋದ್ರೂ ನಿನ್ ಕೈ ನಡುಗ್ಲಿಲ್ಲ, ಒಂದು ಎಳೇನೂ ಕಡೀಲಿಲ್ಲ. ಗೆದ್ದೆ ಕಣೋ, ಹೋಗು."

ಎರಡು ವರ್ಷ! ಅರಚಾಟದ ಮನೆಯಲ್ಲಿ ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ. ನನಗೆ ಅಲ್ಲೇ ಅಳು ಬಂತು.

ಮರುದಿನ ಬೆಳಿಗ್ಗೆ ತಾತ ಶೆಡ್ಡಿಗೆ ಹೋದಾಗ ಅವರ ಮಗ್ಗದ ಮುಂದೆ ಚಿಕ್ಕಪ್ಪ ನಿಂತಿದ್ದ. ಬೆಂಗಳೂರಿಗೆ ಯಾಕೆ ಹೋಗಲಿಲ್ಲ ಎಂದು ತಾತ ಕೈಸನ್ನೆಯಲ್ಲೇ ಕೇಳಿದರು. ಅವನು ಮಗ್ಗ ನಿಲ್ಲಿಸದೆ ಜಗಲಿಯ ಕಡೆ ಕೈ ತೋರಿಸಿದ. ಅಲ್ಲಿ ಒಂದು ಕುರ್ಚಿ ಹಾಕಿತ್ತು. ಪಕ್ಕದಲ್ಲಿ ಎರಡು ಲೋಟ ಕಾಫಿ ಇತ್ತು, ನಿನ್ನೆ ತಪ್ಪಿದ್ದೊಂದು, ಇವತ್ತಿನದೊಂದು. ತಾತ ಬಹಳ ಹೊತ್ತು ಅಲ್ಲೇ ನಿಂತು ಆ ಬೆರಳುಗಳನ್ನು ನೋಡಿದರು. ಆಮೇಲೆ ಹೋಗಿ ಕೂತು, ಎರಡೂ ಲೋಟ ಕುಡಿದರು.