ಉಳಿದ ಎರಡು ಸ್ಕ್ರೂ

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಗುಮಾಸ್ತನ ಭಾನುವಾರ ನಿದ್ದೆಯಲ್ಲೇ ಕಳೆಯುತ್ತಿತ್ತು. ಆದರೆ ಹಿಂದಿನ ದಿನ ಊಟಕ್ಕೆ ಕೂತಾಗ, "ಅತ್ತೆ, ನಾಳೆ ಸಂಜೆಯೊಳಗೆ ಮಾವನವರನ್ನ ಟಿವಿಯಲ್ಲಿ ತೋರಿಸ್ತೀನಿ, ಮಾತೂ ಆಡಿಸ್ತೀನಿ" ಎಂದುಬಿಟ್ಟ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ದನಿ ಉಳಿದಿದ್ದದ್ದು ಮಗಳ ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾತ್ರ; ಹಾಕುವ ಯಂತ್ರವಿಲ್ಲದೆ ಅದನ್ನು ಮನೆಯವರು ಯಾರೂ ನೋಡಿರಲಿಲ್ಲ. ಅದನ್ನು ಸ್ಟುಡಿಯೋದವರು ಈಚೆಗಷ್ಟೇ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು.

ಅತ್ತೆ ಸೋಮವಾರ ಬೆಳಿಗ್ಗೆ ಮಗನ ಮನೆಗೆ ಹೊರಡುವವರು. "ಅವರ ದನಿ ಕೇಳಿಸುತ್ತಾ?" ಎಂದರು, ತುತ್ತನ್ನು ಕೈಯಲ್ಲೇ ಹಿಡಿದು. ಆ ಮುಖ ನೋಡಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ.

ಕಚೇರಿಯಿಂದ ಗುಜರಿಗೆ ಹೊರಟಿದ್ದ ಲ್ಯಾಪ್‌ಟಾಪೊಂದನ್ನು ಅವನು ಪುಡಿಗಾಸಿಗೆ ತಂದಿಟ್ಟಿದ್ದ. ಮುಚ್ಚಳದ ಕೀಲು ಮುರಿದಿತ್ತು, ಸ್ಪೀಕರ್ ಸತ್ತಿತ್ತು, ಫ್ಯಾನು ಗೊರಕೆ ಹೊಡೆಯುತ್ತಿತ್ತು. ಬೆಳಿಗ್ಗೆ ಅದನ್ನು ಬಿಚ್ಚಿ, ಧೂಳು ಒರೆಸಿ, ಮತ್ತೆ ಜೋಡಿಸಿದ. ಎರಡು ಸ್ಕ್ರೂ ಉಳಿದವು. ಅತ್ತಿತ್ತ ನೋಡಿ ಜೇಬಿಗಿಳಿಸಿದ.

"ಏನ್ರೀ, ಎಲ್ಲಾ ಸರಿಯಾಗಿ ಹಾಕಿದ್ರಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಒಂದೂ ಬಿಟ್ಟಿಲ್ಲ."

ಆಮೇಲೆ ಅದಕ್ಕೆ ಲಿನಕ್ಸ್ ಹಾಕಿದ. ಎಲ್ಲೆಲ್ಲೋ ಕೂತ, ಒಬ್ಬರ ಮುಖ ಒಬ್ಬರು ನೋಡದ ಜನ ಸೇರಿ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಪುಕ್ಕಟೆ ಬಿಟ್ಟಿರುವ, ಕಂಪ್ಯೂಟರ್ ನಡೆಸುವ ವ್ಯವಸ್ಥೆ ಅದು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದವು, ನಿಂತವು, ಮತ್ತೆ ಹರಿದವು. ತೂಕಕ್ಕೆ ಹೋಗಬೇಕಿದ್ದ ಡಬ್ಬ ಕಣ್ಣು ಬಿಟ್ಟಿತು. ಗುಮಾಸ್ತ ಅದಕ್ಕೆ ಪೆನ್‌ಡ್ರೈವ್ ಹಾಕಿ, ಉಸಿರು ಬಿಗಿಹಿಡಿದು ಟಿವಿಗೆ ಕೇಬಲ್ ಸಿಕ್ಕಿಸಿದ.

ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು, ಗೋಡೆಯಷ್ಟಗಲ ನಗು. ಅತ್ತೆ ಎದ್ದು ಟಿವಿ ಹತ್ತಿರ ಹೋಗಿ ಗಂಡನ ಕೆನ್ನೆ ಮುಟ್ಟಿದರು. ಮಾವ ಕ್ಯಾಮೆರಾದ ಕಡೆ ತಿರುಗಿ, ದೂರದಲ್ಲಿ ಕೂತಿದ್ದ ಮದುಮಗನನ್ನು ಬೆರಳಿನಿಂದ ತೋರಿಸುತ್ತ ಏನೋ ಹೇಳುತ್ತಿದ್ದರು. ಶಬ್ದ ಮಾತ್ರ ಇಲ್ಲ.

"ಏನು ಹೇಳ್ತಿದಾರೆ?" ಎಂದರು ಅತ್ತೆ.

"ಇನ್ನೇನು ಅತ್ತೆ, ನನ್ನನ್ನ ಹೊಗಳ್ತಿದಾರೆ. ಅವರಿಗೆ ನನ್ನ ಮೇಲೆ ಎಷ್ಟು ಅಕ್ಕರೆ. ಟಾರ್ಚಿನ ಸೆಲ್ ಬದಲಾಯಿಸೋದಕ್ಕೂ ಬಿಡ್ತಿರಲಿಲ್ಲ, ನಾನೇ ಮಾಡ್ತೀನಿ ಕೊಡಿ ಅಂತಿದ್ರು."

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಆ ಹೊಗಳಿಕೆ ನಾಲ್ಕು ಜನರ ಕಿವಿಗೆ ಬೀಳಲಿ ಎಂಬ ಆಸೆ ಅವನಿಗೆ. ಕೆಟ್ಟ ಸ್ಪೀಕರಿಗೆ ಹೋಗುತ್ತಿದ್ದ ಶಬ್ದವನ್ನು ಟಿವಿಗೆ ತಿರುಗಿಸಲು ಮಧ್ಯಾಹ್ನವೆಲ್ಲ ಒದ್ದಾಡಿದ. ಎದುರು ಮನೆಯ ಟೀಚರ್ ಬಂದು, "ಈ ಎರಡು ಗುಂಡಿ ಒಟ್ಟಿಗೆ ಒತ್ತಿ ನೋಡಿ" ಎಂದರು. ಒತ್ತಿದ. ಮಾವ ತಲೆಕೆಳಗಾದರು.

"ಅಯ್ಯೋ, ಮೊದಲು ಅವರನ್ನ ನೆಟ್ಟಗೆ ನಿಲ್ಲಿಸಿ. ಬದುಕಿದ್ದಾಗಲೂ ತಲೆಸುತ್ತು ಬರ್ತಿತ್ತು," ಎಂದು ಅತ್ತೆ ಕಳವಳಪಟ್ಟರು.

ಮಾವನನ್ನು ನೆಟ್ಟಗೆ ಮಾಡುವ ಹೊತ್ತಿಗೆ ಮಹಡಿ ಮೇಲಿನ ವ್ಯಾಯಾಮದ ಮೇಷ್ಟ್ರು ತಮ್ಮ ಜಿಮ್ಮಿನ ಸ್ಪೀಕರನ್ನೇ ಹೊತ್ತು ತಂದರು. ಬೀರುವಿನಷ್ಟು ದೊಡ್ಡದು. ಬಾಗಿಲಲ್ಲಿ ತೂರದೆ ಮೆಟ್ಟಿಲ ಬಳಿಯೇ ನಿಂತಿತು. "ಟಿವಿ ದನಿ ಏನು ಸಾರ್, ಇದಕ್ಕೆ ಸಿಕ್ಕಿಸಿ. ಮಾವನವರು ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿರುತ್ತೆ." ಸುದ್ದಿ ಹಬ್ಬಿ, ಮೆಟ್ಟಿಲ ತುಂಬ ಜನ ಕೂತರು.

ಸಂಜೆಯಾಯಿತು. ಗುಮಾಸ್ತ ಬೆವರೊರೆಸಿಕೊಂಡು, ಆ ಸ್ಪೀಕರನ್ನು ಟಿವಿಗೆ ಸಿಕ್ಕಿಸಿ, ಕೊನೆಯ ಸಲ ಶಬ್ದದ ಪಟ್ಟಿ ತೆರೆದು, ಸರಿಯಾದ ಸಾಲು ಆರಿಸಿ ಒತ್ತಿದ.

"ನಮ್ಮ ಅಳಿಯ ಬಂಗಾರದಂಥ ಹುಡುಗ," ಎಂದರು ಮಾವ.

ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಅದೇ ದನಿ, ಮಾತಿನ ಕೊನೆಗೆ ಅದೇ ಕೆಮ್ಮು. ಗುಮಾಸ್ತನಿಗೂ ಮೈ ಜುಮ್ಮೆಂದಿತು. ಈ ಮುರುಕಲು ಡಬ್ಬದೊಳಗಿಂದ ಸತ್ತ ಮನುಷ್ಯ ಎದ್ದು ಬಂದು ಮಾತಾಡುತ್ತಿದ್ದಾನಲ್ಲ, ಅದೂ ನನ್ನ ಕೈಯಿಂದ, ಎನಿಸಿತು.

"ಮಗಳನ್ನ ಕಣ್ಣು ಮುಚ್ಚಿ ಕೊಡಬಹುದು," ಎಂದು ಮಾವ ಮುಂದುವರಿಸಿದರು. "ಸ್ಕ್ರೂ ಇರೋ ಸಾಮಾನು ಮಾತ್ರ ಕೊಡಬಾರದು. ಚೆನ್ನಾಗಿ ಹಾಡ್ತಿದ್ದ ನನ್ನ ರೇಡಿಯೋನ ಮೊನ್ನೆ ಮನೆಗೆ ಬಂದಾಗ ಬಿಚ್ಚಿ ಜೋಡಿಸಿದ್ರು. ಎರಡು ಸ್ಕ್ರೂ ಉಳೀತು. ಅತ್ತಿತ್ತ ನೋಡಿ ಜೇಬಿಗೆ ಹಾಕ್ಕೊಂಡ್ರು. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ಹೊಸ ಅಳಿಯ, ಪಾಪ, ನಾಚಿಕೋತಾರೆ ಅಂತ ಸುಮ್ಮನಾದೆ. ನಮ್ಮವಳಿಗೂ ಹೇಳಿಲ್ಲ."

ಆಮೇಲೆ ಮಾವ ನಕ್ಕರು. ಆ ನಗು ಮೆಟ್ಟಿಲುಗಳನ್ನು ಇಳಿದು ಬೀದಿಯವರೆಗೂ ಹೋಯಿತು.

ಅತ್ತೆ ಅಳುತ್ತಲೇ ನಕ್ಕರು. "ಹಾಗಾದ್ರೆ ರೇಡಿಯೋ ತೇವಕ್ಕೆ ಕೆಟ್ಟಿದ್ದಲ್ಲ," ಎಂದರು ನಿಧಾನವಾಗಿ. ಕಣ್ಣೊರೆಸಿಕೊಂಡು, "ಇನ್ನೊಂದು ಸಲ ಹಾಕಿ, ಕೇಳೋಣ" ಎಂದರು.

ಗುಮಾಸ್ತ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ.

"ನೀವು ಬೇಡ, ಟೀಚರ್ ಹಾಕಲಿ. ನಿಮ್ಮ ಮಾವ ಈಗ ತಾನೇ ಹೇಳಿದ್ರಲ್ಲ," ಎಂದವರು ಅವನ ಮುಂದೆ ಅಂಗೈ ಚಾಚಿದರು. "ಅಳಿಯಂದಿರೇ, ಜೇಬಿನಲ್ಲಿರೋದನ್ನ ಇಲ್ಲಿ ಹಾಕಿ."

ಮೆಟ್ಟಿಲ ಮೇಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಗುಮಾಸ್ತ ಹೆಂಡತಿಯ ಮುಖ ನೋಡದೆ ಜೇಬಿಗೆ ಕೈ ಹಾಕಿದ.

"ಎಷ್ಟಿದೆ ಅಮ್ಮಾ?" ಎಂದು ಹೊರಗಿನಿಂದ ಮೇಷ್ಟ್ರು ಕೇಳಿದರು.

ಅತ್ತೆ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ, "ಎರಡು" ಎಂದರು.