ಮಾವನ ಸಿಮ್ ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಯಾವ ಕಂಪನಿಯ ಮೊಬೈಲು ಯಾವ ತಿರುವಿನಲ್ಲಿ ಕೈಕೊಡುತ್ತದೆ ಎಂದು ನನ್ನ ಸೋದರಮಾವನಷ್ಟು ಖಚಿತವಾಗಿ ಹೇಳಬಲ್ಲವರು ಆ ಕಂಪನಿಗಳಲ್ಲೂ ಇದ್ದಿರಲಾರರು. ಒಂದೇ ಒಂದು ಕೊರತೆಯೆಂದರೆ, ಅವರ ಹತ್ತಿರ ಸಿಮ್ಮೇ ಇರಲಿಲ್ಲ! ಹ್ಯಾಂಡ್‌ಸೆಟ್ ಇತ್ತು, ಮಗಳ ಗಂಡ ತಂದುಕೊಟ್ಟದ್ದು. ಅದಕ್ಕೆ ಯಾವ ಕಂಪನಿಯ ಸಿಮ್ ಹಾಕಿಸುವುದು ಎಂಬುದು ತೀರ್ಮಾನವಾಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳ ಭಾನುವಾರಗಳು ಯಾರವು? ನನ್ನವು. ಈಗ ನೆನೆಸಿಕೊಂಡರೂ ಕಾಲು ನೋಯುತ್ತದೆ.

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬಂದ ಮಾಲನ್ನು ತಟ್ಟಿ, ಅಳೆದು, ಪಾಸಾದರೆ ಹಳದಿ ಸೀಮೆಸುಣ್ಣದಲ್ಲಿ ಟಿಕ್ಕು, ಇಲ್ಲದಿದ್ದರೆ ಅಡ್ಡಗೆರೆ. ರಿಟೈರಾದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಸೀಮೆಸುಣ್ಣ ಬಿಡಲಿಲ್ಲ. ತೆಂಗಿನಕಾಯಿ ತರಲು ಹೋದರೆ ಇಪ್ಪತ್ತು ಕಾಯಿ ಅಲ್ಲಾಡಿಸಿ ನೋಡಿ, ಒಂದಕ್ಕೆ ಟಿಕ್ಕು ಹಾಕಿ ಕೊಂಡು, ಹತ್ತೊಂಬತ್ತಕ್ಕೆ ಅಡ್ಡಗೆರೆ ಎಳೆದು ಬರುತ್ತಿದ್ದರು. ಗೆರೆ ಬಿದ್ದ ಕಾಯಿಯನ್ನು ಇನ್ನು ಯಾರಿಗೆ ಮಾರಲಿ ಎಂದು ಅಂಗಡಿಯವರು ನನ್ನನ್ನು ಕೇಳುತ್ತಿದ್ದರು.

ಈ ಚಟವೇ ಮಾವನಿಗೂ ನನ್ನ ಅಮ್ಮನಿಗೂ ಮಾತು ನಿಂತುಹೋಗಲು ಕಾರಣ. ಅಮ್ಮ ಅವರಿಗೆ ಒಬ್ಬಳೇ ಅಕ್ಕ. ಮಾವನ ಮಗಳ ಮದುವೆಯಲ್ಲಿ ಧಾರೆ ಮುಗಿದ ಮೇಲೆ ಆರತಿ ಎತ್ತಬೇಕಾದವಳು ಹುಡುಗಿಯ ಸೋದರತ್ತೆ, ಅಂದರೆ ನಮ್ಮಮ್ಮ. ಆದರೆ ತಾನಾಗಿ ಎದ್ದುಹೋಗಿ ತಟ್ಟೆ ಹಿಡಿಯುವಂತಿಲ್ಲ. ಹುಡುಗಿಯ ಅಪ್ಪ ಬಂದು "ಬಾ ಅಕ್ಕ" ಎಂದು ಕರೆಯಬೇಕು. ಅಮ್ಮ ಸೆರಗು ಸರಿಮಾಡಿಕೊಂಡು ಕಾದೇ ಕಾದಳು. ಹುಡುಗಿಯ ಅಪ್ಪ ಎಲ್ಲಿ? ಛತ್ರದ ಹಿಂದೆ! ಕರೆಂಟು ಹೋದರೆ ಇರಲಿ ಎಂದು ತರಿಸಿದ್ದ ಜನರೇಟರನ್ನು ಪರೀಕ್ಷಿಸುತ್ತಿದ್ದರು. ಪುರೋಹಿತರು ಅವಸರ ಮಾಡಿದರು, ಪಕ್ಕದ ಕ್ವಾರ್ಟರ್ಸಿನ ಹೆಂಗಸೊಬ್ಬರು ತಟ್ಟೆ ಎತ್ತಿದರು, ಅಮ್ಮ ಊಟ ಮಾಡದೆ ಶಿವಮೊಗ್ಗದ ಬಸ್ಸು ಹತ್ತಿದಳು. ಜನರೇಟರ್ ಪಾಸಾಯಿತಂತೆ. ಅವತ್ತು ಕರೆಂಟು ಹೋಗಲೇ ಇಲ್ಲ.

ಅದಾಗಿ ಮೂರು ವರ್ಷ. ಅವನೇ ಮೊದಲು ಮಾತಾಡಲಿ ಎಂದು ಅಮ್ಮ, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಮಾವ. ಮಧ್ಯದಲ್ಲಿ ಉಪ್ಪಿನಕಾಯಿ ಬಾಟಲಿ, ಲಗ್ನಪತ್ರಿಕೆ, ಸಾವಿನ ಸುದ್ದಿ ಎಲ್ಲ ಹೊತ್ತುಕೊಂಡು ಮುಕ್ಕಾಲು ಗಂಟೆಯ ದಾರಿಯಲ್ಲಿ ಬಸ್ಸಿನಲ್ಲಿ ಜೋತಾಡಿದವನು ನಾನು.

ಹೀಗಿರುವಾಗ ಈ ಹ್ಯಾಂಡ್‌ಸೆಟ್ ಬಂತು. ಆಗ ನಮ್ಮಲ್ಲಿ ಕೆಂಪು, ನೀಲಿ, ಹಸಿರು ಎಂದು ಮೂರು ಬಣ್ಣದ ಬೋರ್ಡಿನ ಕಂಪನಿಗಳು. ಯಾವುದೋ ಒಂದು ತಗೊಳ್ಳಿ ಎಂದೆ. ಮಾವ ನನ್ನನ್ನು ಮರುಕದಿಂದ ನೋಡಿದರು.

"ಮೂರು ಜನಾನೂ ಎಲ್ಲಾ ಕಡೆ ಸಿಗುತ್ತೆ ಅಂತಾರೆ. ನೋಡ್ದೆ ಹೆಂಗೋ ಮಾರಾಯ ಪಾಸ್ ಮಾಡೋದು? ಊರೂರಿಗೆ ಹೋಗಿ ಮಾತಾಡಿ ನೋಡ್ಬೇಕು. ಈ ಕಡೆ ಹೇಳಿದ್ದು ಆ ಕಡೆ ಮುಟ್ಟಿತು ಅನ್ನೋಕೆ ಒಬ್ಬರು ಬೇಕು. ನಿಮ್ಮನೆ ಲ್ಯಾಂಡ್‌ಲೈನಿಗೆ ಮಾಡ್ತೀನಿ."

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಇದ್ದದ್ದು ಅಮ್ಮ, ನಾನು ಇಬ್ಬರೇ.

"ನಾನು ನಿಮ್ಮ ಜೊತೆ ಬಂದ್ರೆ ಫೋನ್ ಎತ್ತೋದು ಅಮ್ಮನೇ, ಮಾವ."

"ಯಾರಾದ್ರೇನು, ಪರೀಕ್ಷೆಗೆ" ಎಂದು ಮಾವ ಸೀಮೆಸುಣ್ಣ ಹುಡುಕಲು ಒಳಗೆ ಹೋದರು.

ಮೊದಲ ಪರೀಕ್ಷೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ. ಆ ಹ್ಯಾಂಡ್‌ಸೆಟ್ಟಿನ ಸದ್ದು ಎಷ್ಟು ಜೋರೆಂದರೆ ಪಕ್ಕದಲ್ಲಿ ನಿಂತವರಿಗೆಲ್ಲ ಎರಡು ಕಡೆಯ ಮಾತೂ ಕೇಳುತ್ತಿತ್ತು.

"ಪರೀಕ್ಷೆ. ಕೇಳಿಸ್ತಾ?" ಎಂದರು ಮಾವ.

ಆ ಕಡೆಯಿಂದ ಅಮ್ಮನ ದನಿ, "ಕೇಳಿಸ್ತು." ಅಷ್ಟೇ, ಇಟ್ಟುಬಿಟ್ಟಳು. ಮಾವ ಲೈಟುಕಂಬಕ್ಕೆ ಒಂದು ಟಿಕ್ಕು ಹಾಕಿದರು.

ಸಂಜೆ ಮನೆಗೆ ಬಂದು, "ಅಂತೂ ಮಾತಾಡಿದ್ಯಲ್ಲಮ್ಮ" ಎಂದೆ.

"ಅವನ ಹತ್ರ ಯಾರು ಮಾತಾಡಿದ್ರು? ಫೋನು ಕೇಳ್ತು, ಹೇಳ್ದೆ" ಎಂದು ಅಮ್ಮ ಸೊಪ್ಪು ಬಿಡಿಸತೊಡಗಿದಳು.

ಅಲ್ಲಿಂದ ಶುರುವಾಯಿತು. ಸಿಮ್ಮುಗಳನ್ನು ಮಾವ ಕಡ ತರುತ್ತಿದ್ದರು. ಕೆಂಪು ಕಂಪನಿಯದು ಅವರ ಸ್ಕೂಟರ್ ರಿಪೇರಿ ಮಾಡುವ ರೆಹಮಾನ್ ಸಾಹೇಬರದ್ದು. ಎರಡೇ ದಿನಕ್ಕೆ ಅವರು ನನ್ನನ್ನು ಹುಡುಕಿಕೊಂಡು ಬಂದರು.

"ಸಾರ್, ನನ್ ಗಿರಾಕಿ ಆಯನೂರ್ ರೋಡಲ್ಲಿ ಗಾಡಿ ನಿಂತೈತೆ ಅಂತ ಫೋನ್ ಮಾಡಿದ್ರೆ, ಇವರು ಎತ್ಕೊಂಡು ನಿಮಗಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಬರ್ತೈತೆ ಅಂತ ಕೇಳಿದಾರೆ. ನಾಲ್ಕು ಅಂದ್ರಂತೆ. ಬಹಳ ಒಳ್ಳೇದು ಅಂತ ಹೇಳಿ ಇಟ್ಬಿಟ್ರಂತೆ. ಅವರು ಗಾಡಿ ನೂಕ್ಕೊಂಡು ಬಂದ್ರು ಸಾರ್."

ನಾನು ಸಿಮ್ ವಾಪಸು ಕೊಡಿಸಿ ಕ್ಷಮೆ ಕೇಳಿದೆ. ಆ ವರ್ಷ ನಾನು ಕ್ಷಮೆ ಕೇಳದವರು ಭದ್ರಾವತಿಯಲ್ಲಿ ಕಡಿಮೆ. ಮಾವ ಒಂದು ಬೀದಿಯುದ್ದಕ್ಕೂ ಕಾಂಪೌಂಡುಗಳ ಮೇಲೆ ಹಳದಿ ಟಿಕ್ಕು, ಅಡ್ಡಗೆರೆ ಹಾಕಿ ಬಂದಿದ್ದರು. ಬೀದಿಯವರು ಏನೆಂದುಕೊಂಡರು? ರಸ್ತೆ ಅಗಲ ಮಾಡಲು ಗುರುತು ಬಿದ್ದಿದೆ ಎಂದು! ಅಡ್ಡಗೆರೆ ಬಿದ್ದ ಆರು ಮನೆಯವರು ಅರ್ಜಿ ಬರೆದುಕೊಂಡು ನಗರಸಭೆಗೆ ಹೊರಟಿದ್ದರು. ನಾನು ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಒಂದೊಂದೇ ಗೆರೆ ಒರೆಸುತ್ತ ಹೋದರೆ, ಹಿಂದೆಯೇ ಮಾವ.

"ಆ ಮೂಲೆದು ಅಳಿಸ್ಬೇಡ್ವೋ, ಅಲ್ಲಿ ಇನ್ನೊಂದ್ಸಲ ನೋಡ್ಬೇಕು."

ಒಂದು ಭಾನುವಾರ ತ್ಯಾವರೆಕೊಪ್ಪದ ಹುಲಿ ಸಫಾರಿಗೆ ಹೊರಡಿಸಿದರು. ಹುಲಿ ನೋಡುವ ಜಾಗದಲ್ಲಿ ಮೊಬೈಲ್ ಯಾಕೆ ಬೇಕು ಎಂದು ಕೇಳಿದರೆ, "ವ್ಯಾನು ಒಳಗೆ ಕೆಟ್ಟು ನಿಂತ್ರೆ?" ಎಂದರು. ಈ ಮಾತನ್ನು ವ್ಯಾನಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದ್ದರಿಂದ ಒಂದಿಬ್ಬರು ಅಲ್ಲೇ ಇಳಿದುಹೋದರು. ಒಳಗೆ ಹೋದ ಮೇಲೆ ಹುಲಿ ಕಿಟಕಿಯ ಪಕ್ಕಕ್ಕೇ ಬಂತು. ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ, ಮಾವ ಹುಲಿಗೆ ಬೆನ್ನು ಹಾಕಿ ಫೋನಿನ ಕಡ್ಡಿ ಎಣಿಸುತ್ತಿದ್ದಾರೆ.

"ಪರೀಕ್ಷೆ. ಕೇಳಿಸ್ತಾ?"

"ಕೇಳಿಸ್ತು" ಎಂದಳು ಅಮ್ಮ. ಅಷ್ಟರಲ್ಲಿ ಹುಲಿ ಒಮ್ಮೆ ಗುಡುಗಿತು. ಅಮ್ಮ ಇಡಲಿಲ್ಲ. "ಅದೇನದು ಸದ್ದು?"

"ಹುಲಿ."

"ಕಿಟಕಿ ಹತ್ರ ಕೂತಿದೀಯಾ? ಈ ಕಡೆ ಬಾರೋ, ಬುದ್ಧಿ ಇಲ್ವ ನಿಂಗೆ?"

ಆಮೇಲೆ ನೆನಪಾಯಿತೋ ಏನೋ, ಪಟ್ಟನೆ ಇಟ್ಟಳು. ಮಾವ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹಾಗೆಯೇ ಕಿಟಕಿ ಬಿಟ್ಟು ಸರಿದು ನನ್ನ ಪಕ್ಕಕ್ಕೆ ಬಂದರು. ಆ ಜಾಗಕ್ಕೆ ಟಿಕ್ಕು ಹಾಕುವುದನ್ನೂ ಮರೆತರು. ನನಗೆ ಆಗಲೇ ಅರ್ಥವಾಗಬೇಕಿತ್ತು. ಆದರೆ ತಿಂಗಳುಗಟ್ಟಲೆ ಭಾನುವಾರವಿಲ್ಲದೆ ಬದುಕಿದವನ ತಲೆ ಎಲ್ಲಿ ಓಡುತ್ತದೆ?

ಕೊನೆಗೊಂದು ದಿನ ತಡೆಯಲಾರದೆ, ಮಾವನನ್ನು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಅಂಗಡಿಯೊಂದಕ್ಕೆ ಕರೆದೊಯ್ದು ನನ್ನ ಫೋಟೋ, ನನ್ನ ವಿಳಾಸ ಕೊಟ್ಟು ನಾನೇ ನೀಲಿ ಕಂಪನಿಯ ಸಿಮ್ ತಗೊಂಡೆ. ಅಲ್ಲೇ ಮಾವನ ಹ್ಯಾಂಡ್‌ಸೆಟ್ಟಿಗೆ ಹಾಕಿದೆ.

"ಎಲ್ಲಾ ಕಡೆ ಸಿಗುತ್ತಾ?" ಎಂದರು.

"ಸಿಗುತ್ತೆ ಮಾವ. ನೀವೇ ಹದಿನೇಳು ಕಡೆ ಟಿಕ್ಕು ಹಾಕಿದೀರ."

"ಅಂದ್ರೆ ಇನ್ನು ಪರೀಕ್ಷೆ ಬೇಡ."

"ಬೇಡ."

ಮಾವ ಜೇಬಿನ ಸೀಮೆಸುಣ್ಣವನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಬಸ್ಸು ಹತ್ತಿದರು. ನಾನು ಯುದ್ಧ ಗೆದ್ದವನಂತೆ ಮನೆಗೆ ಬಂದೆ.

ಮುಂದಿನ ಭಾನುವಾರ ಒಂಬತ್ತರವರೆಗೆ ಮಲಗಿದೆ. ಎಂಥ ಸುಖ! ಎದ್ದು ನೋಡಿದರೆ ಅಮ್ಮ ಫೋನಿನ ಧೂಳು ಒರೆಸುತ್ತಿದ್ದಳು. ಮಧ್ಯಾಹ್ನ ಮತ್ತೆ ಒರೆಸಿದಳು. ಅದರ ಮುಂದಿನ ಭಾನುವಾರ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೇ ಎಂದು ನೋಡಿ ಮೆಲ್ಲಗೆ ಇಟ್ಟಳು. ಮೂರನೆಯ ಭಾನುವಾರ ಅನ್ನ ಬಡಿಸುತ್ತಾ ಕೇಳಿದಳು.

"ಅವನು ತಗೊಂಡ ಕಂಪನಿ ಸರಿ ಇಲ್ವಾ?"

"ಚೆನ್ನಾಗೇ ಇದೆ. ಯಾಕೆ?"

"ಮತ್ತೆ ಇಲ್ಲಿಗೆ ಸಿಗ್ತಾನೇ ಇಲ್ಲ."

ಆಗ ನನಗೆ ಹೊಳೆಯಿತು. ಒಂದು ಸಿಮ್ ಆರಿಸಲು ಯಾರಿಗಾದರೂ ಎಂಟು ತಿಂಗಳು ಬೇಕೇ? ಆ ಒಂದು "ಕೇಳಿಸ್ತು"ಗಾಗಿ ಮುದುಕ ಹುಲಿಯ ಬಾಯಿಯ ತನಕ ಹೋಗಿ ಬಂದಿದ್ದ. ಅದನ್ನು ನಾನು ನನ್ನ ಕೈಯಾರೆ ನಿಲ್ಲಿಸಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಕೈ ತೊಳೆದು ಬಂದು ಮಾವನ ನಂಬರು ಒತ್ತಿ ರಿಸೀವರನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಸೆರಗು ಸರಿಮಾಡಿಕೊಂಡಳು.

"ಈ ಕಡೆಯಿಂದ ಪರೀಕ್ಷೆ. ಕೇಳಿಸ್ತಾ?"

ರಿಸೀವರಿನಿಂದ ಮಾವನ ದನಿ ಪಕ್ಕದಲ್ಲಿದ್ದ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು. "ಸರಿಯಾಗಿ ಕೇಳಿಸ್ಲಿಲ್ಲ ಅಕ್ಕ. ಇನ್ನೊಂದ್ಸಲ ಹೇಳು."

ಅಮ್ಮ ಇನ್ನೊಮ್ಮೆ ಹೇಳಿದಳು. ಮಾವನಿಗೆ ಆಗಲೂ ಕೇಳಿಸಲಿಲ್ಲ. ಮೂರನೆಯ ಸಲಕ್ಕೆ ಅಮ್ಮ ಪರೀಕ್ಷೆಯ ಮಾತು ಬಿಟ್ಟಳು.

"ಭಾನುವಾರ ಮಗಳು ಅಳಿಯನ್ನ ಕರ್ಕೊಂಡು ಬಾರೋ. ನಾನು ಆರತಿ ಎತ್ಬೇಕು."

"ಕೇಳಿಸ್ತು" ಎಂದರು ಮಾವ.