ಹಿಂದಿನ ಸಭೆಯ ನಡಾವಳಿ

ನಾಟಕಕ್ಕಾಗಿ ನನ್ನ ಸೋದರಮಾವನಷ್ಟು ಕುರ್ಚಿ ಸವೆಸಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಗಮನಿಸಿ, ಕುರ್ಚಿ ಎಂದೆ, ರಂಗ ಎಂದಿಲ್ಲ. ಚಿತ್ತಾಪುರದ ಅವರ ನಾಟಕ ಸಂಘ ಮುಖಕ್ಕೆ ಬಣ್ಣ ಹಚ್ಚಿ ಒಂಬತ್ತು ವರ್ಷವಾಯಿತು. ಆ ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಭೆ ತಪ್ಪಿಲ್ಲ! ನಾಟಕವೇ ಇಲ್ಲದ ಸಂಘಕ್ಕೆ ಸಭೆ ಯಾಕೆ ಎಂದು ಒಮ್ಮೆ ಕೇಳಿಯೇಬಿಟ್ಟೆ. "ನಾಟಕ ಯಾಕ ಆಗ್ಲಾಕತ್ತಿಲ್ಲ ಅಂತ ವಿಚಾರ ಮಾಡ್ಲಾಕ ಸಭಾ ಬೇಕಲ್ಲೋ ಅಳಿಯಾ" ಎಂದರು. ಇದಕ್ಕೆ ನೀವಾದರೂ ಏನು ಹೇಳುತ್ತೀರಿ?

ಸಂಘದಲ್ಲಿ ಈಗ ಇರುವುದು ನಾಲ್ಕೇ ಜನ. ಮಾವ ಅಧ್ಯಕ್ಷರು, ಅತ್ತೆ ಉಪಾಧ್ಯಕ್ಷೆ. ಒಂದು ಕಾಲಕ್ಕೆ ರಾಜಮಹಾರಾಜರ ಅಂಗಿ ಹೊಲಿದು ಈಗ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿರುವ ಬಜಾರಿನ ದರ್ಜಿ ಒಬ್ಬರು ಸದಸ್ಯರು. ನಾಲ್ಕನೆಯವನು ನಾನು, ಸಹಕಾರ್ಯದರ್ಶಿ. ಹೇಗಾದೆ ಗೊತ್ತೇ? ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. "ಬಾ, ಕುಂದ್ರು" ಎಂದರು, ಕುಳಿತೆ. ಚಹಾ ಕೊಟ್ಟರು, ಕುಡಿದೆ. ನಾನು ಅವತ್ತು ಕುಳಿತದ್ದು ಸರ್ವಾನುಮತದಿಂದ ಆಯ್ಕೆಯಾಗಿ ಎಂಬುದು ಮುಂದಿನ ತಿಂಗಳು ನಡಾವಳಿ ಓದಿದಾಗ ತಿಳಿಯಿತು.

ಮನೆಯೊಳಗೂ ಅದೇ ಪದ್ಧತಿ. ಬೆಳಗ್ಗೆ ಖಾಲಿ ತಟ್ಟೆಯ ಮುಂದೆ ಕುಳಿತು, "ಇವತ್ತಿನ ವಿಷಯ ಪಟ್ಟಿ ಏನದ?" ಎಂದು ಕೇಳುತ್ತಾರೆ. ಅತ್ತೆ ಒಲೆಯ ಕಡೆಯಿಂದ ಮುಖ ಕೂಡ ತಿರುಗಿಸುವುದಿಲ್ಲ.

"ಒಂದನೇದು ಸುಸಲಾ. ಎರಡನೇದೂ ಸುಸಲಾ. ಬ್ಯಾಡಾದವ್ರು ಎದ್ದು ಹೋಗಬಹುದು."

ಮಂಡಕ್ಕಿಯ ಆ ಒಗ್ಗರಣೆ ಯಾರ ತಕರಾರೂ ಇಲ್ಲದೆ ಪಾಸಾಗುತ್ತದೆ.

ಇಷ್ಟೇ ಆಗಿದ್ದರೆ ಮನೆಯ ಮಾತೆಂದು ಸುಮ್ಮನಿರಬಹುದಿತ್ತು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ಹವ್ಯಾಸಿ ನಾಟಕ ಸಂಘಗಳ ಅಧ್ಯಕ್ಷರು, ಪದಾಧಿಕಾರಿಗಳು ಮೂರು ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸರದಿಯಂತೆ ಸೇರುತ್ತಾರೆ. ಹೊಸಬರು ತಾಲೀಮಿಗೆ ಯಾಕೆ ಬರುತ್ತಿಲ್ಲ, ಬಂದವರ ಮೊಬೈಲು ಹೊರಗಿಡಿಸಬೇಕೇ ಬೇಡವೇ, ಸೇಡಮ್ಮಿನವರ ಕಿರೀಟ ಚಿಂಚೋಳಿಯ ರಾಜನ ತಲೆಗೆ ಯಾಕೆ ಇಳಿಯುವುದಿಲ್ಲ, ಇಂಥ ಗಂಭೀರ ವಿಷಯಗಳ ಚರ್ಚೆ ಅಲ್ಲಿ ಆಗಬೇಕು. ಆಗಬೇಕು ಎಂದೆ. ಆಗುವುದಿಲ್ಲ. ಯಾಕೆಂದರೆ ಈ ಜಂಟಿ ಸಭೆಗೆ ನಮ್ಮ ಮಾವ ಕಾಯಂ ಕಾರ್ಯದರ್ಶಿ.

ಮಾವ ನೌಕರಿ ಮಾಡಿದ್ದು ಕೋರ್ಟಿನಲ್ಲಿ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು ಅವರ ಕೆಲಸ. ಒಂದು ಅಕ್ಷರ ಕೂಡಿಸುವ ಹಾಗಿಲ್ಲ, ಒಂದು ಅಕ್ಷರ ಕಳೆಯುವ ಹಾಗಿಲ್ಲ. ನಿವೃತ್ತಿಯಾದರೂ ಆ ಕೈ ನಿವೃತ್ತಿಯಾಗಲಿಲ್ಲ. ಬೇರೆಯವರು 'ಚರ್ಚಿಸಿ ತೀರ್ಮಾನಿಸಲಾಯಿತು' ಎಂದು ಒಂದು ಸಾಲಿನಲ್ಲಿ ಮುಗಿಸುವ ನಡಾವಳಿಯನ್ನು ಮಾವ ನಲವತ್ತು ಪುಟ ಬರೆಯುತ್ತಾರೆ. ಯಾರು ಏನೆಂದರು, ಯಾರು ನಡುವೆ ಬಾಯಿ ಹಾಕಿದರು, ಯಾರು ಫ್ಯಾನು ಜೋರು ಮಾಡಿ ಎಂದರು, ಎಲ್ಲವೂ ಇರುತ್ತದೆ. ಮುಂದಿನ ಸಭೆಯಲ್ಲಿ ಅದನ್ನು ಓದುವಾಗ ಕೋರ್ಟಿನ ಮನುಷ್ಯ ಹಿಂದೆ ಸರಿದು ನಾಟಕದ ಮನುಷ್ಯ ಮುಂದೆ ಬರುತ್ತಾನೆ. ಸೇಡಮ್ಮಿನವರ ಮಾತನ್ನು ಸೇಡಮ್ಮಿನವರ ದನಿಯಲ್ಲೇ, ಚಿಂಚೋಳಿಯವರ ಮಾತನ್ನು ಅವರ ತೆಲುಗಿನ ಎಳೆತದಲ್ಲೇ ಓದುತ್ತಾರೆ. ಕಣ್ಣು ಮುಚ್ಚಿ ಕೂತರೆ ಹಿಂದಿನ ಸಭೆಯಲ್ಲೇ ಇನ್ನೂ ಇದ್ದೇವೆ ಎನ್ನಿಸುತ್ತದೆ. ಕಣ್ಣು ಬಿಟ್ಟರೂ ಹಾಗೆಯೇ ಎನ್ನಿ, ಅದು ಮುಗಿದಿದ್ದರೆ ತಾನೇ?

ವಾಡಿಯ ಸಭೆಯ ನಡಾವಳಿ ಎಂದರೆ ನನಗೆ ಈಗಲೂ ನಡುಕ. ವಾಡಿ ದೊಡ್ಡ ಜಂಕ್ಷನ್ನು, ಸಭೆ ನಡೆಯುವ ಕೋಣೆ ಹಳಿಯ ಪಕ್ಕದಲ್ಲೇ ಇದೆ. ಗಾಡಿ ಬಂದಾಗ ಮಾತಾಡುತ್ತಿದ್ದವರ ದನಿ ಮುಳುಗಿಹೋಗುತ್ತದೆ. ಮಾವ ಆವರಣದೊಳಗೆ 'ಗೂಡ್ಸ್ ಗಾಡಿ ಹೋಯಿತು' ಎಂದು ಬರೆದುಕೊಳ್ಳುತ್ತಾರೆ. ಸರಿ, ಬರೆದುಕೊಳ್ಳಲಿ. ಓದುವಾಗ? ಆ ಜಾಗ ಬಂದ ಕೂಡಲೇ ದನಿ ನಿಲ್ಲಿಸಿ ಬರೀ ತುಟಿ ಆಡಿಸುತ್ತಾರೆ, ಒಂದು ಗೂಡ್ಸ್ ಗಾಡಿ ಪೂರ್ತಿ ಹಾದುಹೋಗುವಷ್ಟು ಹೊತ್ತು! ನಾನೊಮ್ಮೆ ಮನಸ್ಸಿನಲ್ಲೇ ಗಾಡಿಯ ಡಬ್ಬಿ ಎಣಿಸಿದೆ, ಐವತ್ತೆಂಟಾದವು.

ಇನ್ನು ಸೇಡಂ ಅಧ್ಯಕ್ಷರ ಗೊರಕೆಯ ಪ್ರಕರಣ. ಒಂದು ಸಭೆಯಲ್ಲಿ ಅವರಿಗೆ ಊಟವಾದ ಮೇಲೆ ಜೊಂಪು ಹತ್ತಿತು. ಮಾವ ಬರೆದರು, ಮುಂದಿನ ಸಭೆಯಲ್ಲಿ ಗೊರಕೆ ಸಮೇತ ಓದಿದರು.

"ಅದನ್ನ ತೆಗೀರಿ" ಎಂದರು ಸೇಡಂ ಅಧ್ಯಕ್ಷರು.

"ಹೊಡದದ್ದು ಖರೇನೋ ಸುಳ್ಳೋ?"

"ಖರೇ. ಆದ್ರೂ ತೆಗೀರಿ."

"ಆಗಿದ್ದನ್ನ ಆಗಿಲ್ಲ ಅಂತ ನಾ ಹ್ಯಾಂಗ ಬರೀಲಿರೀ? ಇಪ್ಪತ್ತೊಂಬತ್ತು ವರ್ಷ ಕೋರ್ಟಿನಾಗ ಕುಂತೀನಿ. ಒಂದು ಸುಳ್ಳು ಬರದಿಲ್ಲ."

ಈ ವಾದವನ್ನೂ ಬರೆದುಕೊಂಡರು. ಅದರ ಮುಂದಿನ ಸಭೆಯಲ್ಲಿ ಗೊರಕೆ, ಗೊರಕೆಯ ಮೇಲಿನ ತಕರಾರು ಎರಡನ್ನೂ ಓದಿದರು. ಸೇಡಮ್ಮಿನವರು ಮತ್ತೆ ಎದ್ದರು. ಹೀಗೆ ಆ ಒಂದು ಗೊರಕೆ ಒಂದೂಕಾಲು ವರ್ಷ ಐದೂ ಊರು ಸುತ್ತಿತು. ಈಗ ಸೇಡಂ ಅಧ್ಯಕ್ಷರು ಊಟವಾದ ಮೇಲೆ ನಿಂತುಕೊಂಡೇ ಇರುತ್ತಾರೆ.

ಇದಕ್ಕೆಲ್ಲ ಒಂದು ಕೊನೆ ಕಾಣಿಸಲು ಮುಂದೆ ಬಂದವರು ಶಹಾಬಾದಿನ ಹೊಸ ಅಧ್ಯಕ್ಷೆ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವರ ತಂದೆ ಅಲ್ಲಿ ಬಹಳ ವರ್ಷ ಅಧ್ಯಕ್ಷರಾಗಿದ್ದವರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿ, ರಂಗದ ಮೇಲೆ ಖಳನಾಯಕ. ಕಲ್ಲಿನ ಧೂಳಿಗೆ ಎರಡು ಸಲ ಕೆಮ್ಮಿ, "ದೇಖೋ ಭಾಯಿ" ಎಂದು ಶುರು ಮಾಡಿದರೆ ಹಿಂದಿನ ಸಾಲಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಮಾವನಿಗೆ ಜೀವದ ಗೆಳೆಯ. ಅವರು ತೀರಿಕೊಂಡು ಮೂರು ವರ್ಷವಾಯಿತು. ಮಗಳು ಮಾವನಿಗೆ ಪತ್ರ ಕಳಿಸಿದರು, ಇನ್ನು ಮೇಲೆ ನಡಾವಳಿ ಓದುವುದು ಬೇಡ, ಒಂದು ಪುಟದಲ್ಲಿ ಬರೆದು ವಾಟ್ಸಾಪಿಗೆ ಹಾಕಿದರೆ ಸಾಕು, ಇದನ್ನು ಮತಕ್ಕೆ ಹಾಕಿ ಎಂದು. ಮಾವ ಆ ಠರಾವನ್ನು ತಮ್ಮ ದುಂಡು ಅಕ್ಷರದಲ್ಲಿ ತಾವೇ ವಿಷಯ ಪಟ್ಟಿಗೆ ಸೇರಿಸಿದರು.

ಸಭೆ ಆ ಸಲ ಚಿಂಚೋಳಿಯವರ ಸರದಿ, ಊರಿಗೆ ಹೊಂದಿಕೊಂಡೇ ಇರುವ ಚಂದಾಪುರದ ಒಂದು ಶಾಲೆಯಲ್ಲಿ. ಉಳಿದ ನಾಲ್ಕು ಊರಿಗೆ ರೈಲಿದೆ, ಚಿಂಚೋಳಿಗೆ ಇಲ್ಲ. ಹಾಗಾಗಿ ಅಲ್ಲಿಗೆ ಹೋಗಲು ನನ್ನ ಹಳೆಯ ಕಾರೇ ಗತಿ. ಹಿಂದಿನ ಸೀಟಿನಲ್ಲಿ ನಡಾವಳಿ ಪುಸ್ತಕಗಳ ತಗಡಿನ ಟ್ರಂಕು, ಮುಂದೆ ಮಾವ. ಅರ್ಧ ದಾರಿಯವರೆಗೂ ತೊಗರಿ ಹೊಲ ನೋಡುತ್ತ ಸುಮ್ಮನೆ ಕುಳಿತಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಸೇಡಂ ದಾಟಿದ ಮೇಲೆ ಮಾತು ಹೊರಟಿತು.

"ಹದಿನೇಳು ನಾಟಕದಾಗ ಪಾರ್ಟು ಮಾಡೀನಿ ಅಳಿಯಾ. ಹದಿನೇಳರಾಗೂ ದೂತ. ಒಳಗ ಹೋಗೋದು, 'ಮಹಾಪ್ರಭು, ಶತ್ರು ಬಂದರು' ಅನ್ನೋದು, ಹೊರಗ ಬರೋದು. ನಡಾವಳಿ ಓದೋದು ಇದೊಂದರಾಗ ಅಷ್ಟ ನೋಡು, ಕಡೀತನಕ ನಾ ಒಳಗ ಇರ್ತೀನಿ."

ಠರಾವಿನ ಪರವಾಗಿ ಕೈ ಎತ್ತುವುದೆಂದು ನಾನು ಮನೆಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದೆ. ನಾಚಿಕೆಯಾಯಿತು, ಗೇರು ಬದಲಿಸಿದೆ.

ಶಾಲೆಯಲ್ಲಿ ಐದು ಊರಿನ ರಂಗಪ್ರಮುಖರೂ ಮಕ್ಕಳ ಬೆಂಚಿನಲ್ಲಿ ಮೊಳಕಾಲು ಗದ್ದಕ್ಕೆ ಹಚ್ಚಿಕೊಂಡು ಕುಳಿತಿದ್ದರು. ಟೀಚರು ಎದ್ದು ಬಹಳ ಸಮಾಧಾನದಿಂದಲೇ ಹೇಳಿದರು. "ಮೂರು ತಾಸಿನ ಸಭಾದಾಗ ಎರಡೂವರಿ ತಾಸು ಹಿಂದಿನ ಸಭಾನೇ ನಡೀತದ. ಮುಂದಿನ ನಾಟಕದ ಮಾತು ಯಾವಾಗ ಆಡೋದು ಕಾಕಾ? ಇಷ್ಟು ವರ್ಷ ಬರದೀರಿ. ಹಳೇ ಪುಟ ಒಂದರ ಬೇಕು ಅಂತ ಯಾರರ ಕೇಳ್ಯಾರೇನು?"

ಯಾರೂ ಕೇಳಿರಲಿಲ್ಲ. ಎಲ್ಲರೂ ತಲೆಯಾಡಿಸಿದರು. ನಿಂತೇ ಇದ್ದ ಸೇಡಂ ಅಧ್ಯಕ್ಷರು ತುಸು ಜೋರಾಗಿಯೇ ಆಡಿಸಿದರು.

ಮಾವ ಕನ್ನಡಕ ಒರೆಸಿಕೊಂಡರು. "ನೀವು ಕೇಳ್ರಿ, ಶಹಾಬಾದ್ ಅಧ್ಯಕ್ಷರೇ. ಯಾವ ಪುಟ ಬೇಕು?" ಎತ್ತಿ ಆಡಿಸಿದ ಮಗುವಾದರೂ ಸಭೆಯಲ್ಲಿ ಅವರಿಗೆ ಆಕೆ ಶಹಾಬಾದ್ ಅಧ್ಯಕ್ಷರೇ.

ಟೀಚರ ದನಿ ಬೇರೆಯಾಯಿತು. "ಹಂಗಾದ್ರ ಕೇಳ್ತೀನಿ. ನಾ ಮೊದಲನೇ ಸಲ ನೌಕರಿಗೆ ಹಾಜರಾಗೋ ಹಿಂದಿನ ದಿನ. ಗಡಿ ಊರು, ಯಾರೂ ಗುರ್ತಿನವ್ರಿಲ್ಲ, ಭಾಳ ಹೆದರಿದ್ದೆ. ನಮ್ಮ ಅಬ್ಬಾ ಇಡೀ ದಿನ ಮನ್ಯಾಗ ಇರ್ಲಿಲ್ಲ. ನಿಮ್ಮ ಸಭಾಕ್ಕ ಬಂದಿದ್ರು. ಮಗಳಿಗಿಂತ ದೊಡ್ಡದು ಅವತ್ತ ಏನು ಮಾತಾಡಿದ್ರಿ, ಓದ್ರಿ ನೋಡೋಣ."

ಮಾವ ತಾರೀಖು ಕೇಳಲಿಲ್ಲ. ಟ್ರಂಕು ತೆಗೆದು ಕೆಳಗಿನಿಂದ ಒಂದು ಪುಸ್ತಕ ಎಳೆದರು, ಹುಡುಕದೆ ಒಂದು ಪುಟ ತೆರೆದರು. "ವಾಡಿಯಲ್ಲಿ ಸೇರಿದ ಸಭೆ" ಎಂದರು. ಆಮೇಲೆ ಎರಡು ಸಲ ಕೆಮ್ಮಿದರು.

ಆ ಕೆಮ್ಮಿಗೇ ಟೀಚರು ಬೆಂಚಿನ ಅಂಚು ಹಿಡಿದುಕೊಂಡರು.

"ದೇಖೋ ಭಾಯಿ," ಎಂದಿತು ಆ ದನಿ. ಅದು ನಮ್ಮ ಮಾವನದಲ್ಲ. "ಇವತ್ತ ನಂಗ ಏನೂ ಕೇಳಬ್ಯಾಡ್ರಿ. ನಾಳಿ ನನ್ನ ಬೇಟಿ ನೌಕರಿಗೆ ಹೊಂಟಾಳ. ಮನ್ಯಾಗ ಇದ್ರ ಅತ್ತುಬಿಡ್ತೀನಿ. ನಾ ಅತ್ತದ್ದು ನೋಡಿದ್ರ ಆಕಿ ಹೋಗಂಗಿಲ್ಲ. ಆಕಿ ಹೋಗಬೇಕು. ಅದಕ್ಕ ಇಲ್ಲಿ ಬಂದು ಕುಂತೀನಿ. ನಿಮ್ಮ ಸಭಾ ನೀವು ನಡಸ್ರಿ."

ಮಾವ ನಿಲ್ಲಿಸಿ, ತಮ್ಮದೇ ದನಿಯಲ್ಲಿ ಮೆಲ್ಲಗೆ ಓದಿದರು. "ಆವರಣದಲ್ಲಿ, ಗೂಡ್ಸ್ ಗಾಡಿ ಹೋಯಿತು." ಈ ಸಲ ತುಟಿ ಆಡಿಸಲಿಲ್ಲ. ತಲೆ ತಗ್ಗಿಸಿ ಗಾಡಿ ಹೋಗುವಷ್ಟು ಹೊತ್ತು ಸುಮ್ಮನೆ ನಿಂತರು. ಯಾರೂ ಗಡಿಯಾರ ನೋಡಲಿಲ್ಲ. ನಾನು ಡಬ್ಬಿ ಎಣಿಸಲಿಲ್ಲ.

"ಅದಷ್ಟ ಇನ್ನೊಮ್ಮೆ ಓದ್ರಿ ಕಾಕಾ" ಎಂದರು ಟೀಚರು.

ಮಾವ ಓದಿದರು. ಆಕೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಗಣಿತದ ಟೀಚರು, ಶಿಸ್ತಿನ ಹೆಣ್ಣುಮಗಳು, ಐದು ಊರಿನವರ ಎದುರಿಗೆ. ಮಾವ ಮಾತ್ರ ಕುಳಿತು ಪೆನ್ನು ಎತ್ತಿಕೊಂಡದ್ದು ಕಂಡು ನನಗೆ ಮೈ ಉರಿಯಿತು. ಇದನ್ನೂ ಬರೆಯುತ್ತಾರಲ್ಲ ಈ ಮನುಷ್ಯ! ಮುಂದಿನ ಸಭೆಯಲ್ಲಿ ಈ ಅಳುವನ್ನೂ ಅತ್ತು ತೋರಿಸುತ್ತಾರಲ್ಲ!

ಠರಾವು ಮತಕ್ಕೆ ಬರಲಿಲ್ಲ. ಟೀಚರೇ ಅದನ್ನು ವಾಪಸು ತೆಗೆದುಕೊಂಡರು. ಸೇಡಂ ಅಧ್ಯಕ್ಷರು ಮೂಗು ಒರೆಸಿಕೊಂಡು, ತಮ್ಮ ಗೊರಕೆಯೂ ಇರಲಿ, ಮುಂದೆ ತಮ್ಮ ಮನೆಯವರಿಗೂ ಬೇಕಾಗಬಹುದು ಎಂದರು. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಟ್ರಂಕು ಕಾರಿಗೆ ಇಡಲು ಬಂದವನು ಮೇಲಿದ್ದ ಹೊಸ ಪುಸ್ತಕ ತೆರೆದೆ. ಏನು ಬರೆದಿದ್ದಾರೆಂದು ನೋಡಿ, ಅಗತ್ಯವಾದರೆ ಆ ಪುಟವನ್ನೇ ಹರಿದುಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಎಲ್ಲ ಇತ್ತು. ಬೆಂಚು ಚಿಕ್ಕದಾದದ್ದು, ಸೇಡಮ್ಮಿನವರು ತಲೆಯಾಡಿಸಿದ್ದು, ಒಂದು ಅಕ್ಷರ ಬಿಟ್ಟಿರಲಿಲ್ಲ. 'ಶಹಾಬಾದ್ ಅಧ್ಯಕ್ಷರು: ಅದಷ್ಟ ಇನ್ನೊಮ್ಮೆ ಓದ್ರಿ ಕಾಕಾ.' ಅದರ ಕೆಳಗೆ, ಅದೇ ದುಂಡು ಅಕ್ಷರದಲ್ಲಿ, ಆವರಣದೊಳಗೆ ಮೂರೇ ಪದ.

'ಗೂಡ್ಸ್ ಗಾಡಿ ಹೋಯಿತು.'

ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ.